ಚರಕಕ್ಕೆ ಬಾರದ ಗೂಡು ಗಾಯಕ್ಕೆ ಬಂದ ಕತೆ

ಹುಳು ಸಾಕುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಊಜಿ ನೊಣದ ಮರಿ ತೂತು ಮಾಡಿಕೊಂಡು ಹೊರಬಂದ ಗೂಡು ಚರಕಕ್ಕೆ ಬರುವುದಿಲ್ಲ. ತೂತಾದ ಕಡೆ ಎಳೆಗಳೆಲ್ಲ ತುಂಡಾಗಿರುತ್ತವೆ. ಬಿಸಿನೀರಿಗೆ ಹಾಕಿದರೆ ಒಳಗೆ ನೀರು ತುಂಬಿ ಗೂಡು ಮುಳುಗುತ್ತದೆ. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವ ಮುಂಚೆಯೇ ಅಂಥ ಗೂಡನ್ನು ಬೇರೆ ಮಾಡುತ್ತೇವೆ. ಒಳ್ಳೆ ಗೂಡಿನ ರೇಟಿನ ಮುಂದೆ ಅದರ ರೇಟು ಲೆಕ್ಕಕ್ಕೇ ಇಲ್ಲ. ರೀಲರ್ ಮನೆಯಲ್ಲೂ ಹೀಗೆಯೇ. ಎಳೆಯ ತುದಿ ಹುಡುಕುವಾಗ ಕೈಗೆ ಬರುವ ಸಿಕ್ಕು, ಗೂಡಿನ ಕೊನೆಯಲ್ಲಿ ಉಳಿಯುವ ತೆಳು ಪೊರೆ, ಎಲ್ಲವೂ ಒಂದು ಮೂಟೆಗೆ ಸೇರಿ 'ವೇಸ್ಟ್' ಎಂಬ ಹೆಸರಿನಲ್ಲಿ ಹೊರಡುತ್ತವೆ.

ಈ ವೇಸ್ಟ್ ಎಂಬ ಪದಕ್ಕೆ ದೊಡ್ಡ ಇತಿಹಾಸವಿದೆ. ಇವತ್ತು ವಿಜ್ಞಾನಿಗಳು ರೇಷ್ಮೆಯಿಂದ ಒಂದು ಬಗೆಯ 'ನೇಯದ ಬಟ್ಟೆ' ಮಾಡಿ, ಸುಟ್ಟ ಗಾಯ, ಹರಿದ ಚರ್ಮ, ತೂತಾದ ಕಿವಿ ತಮಟೆಗೆ ಅದು ನೆರವಾಗಬಲ್ಲದೇ ಎಂದು ನೋಡುತ್ತಿದ್ದಾರೆ. ಆ ಬಟ್ಟೆಗೆ ಸಾವಿರ ಮೀಟರ್ ಉದ್ದದ ತುಂಡಾಗದ ಎಳೆ ಬೇಕಿಲ್ಲ. ಚಿಕ್ಕ ತುಂಡು ಎಳೆ ಸಾಕು. ಅಂದರೆ ಚರಕಕ್ಕೆ ಬೇಡವಾದದ್ದು ಇದಕ್ಕೆ ಬೇಕಾಗಬಹುದು. ಈ ಕತೆ ಚೀನಾದಲ್ಲಿ ಶುರುವಾಗಿ, ಇಂಗ್ಲೆಂಡ್, ಇಟಲಿ ಸುತ್ತಿಕೊಂಡು ನಮ್ಮ ಹಿಪ್ಪುನೇರಳೆ ತೋಟದವರೆಗೆ ಬರುತ್ತದೆ.

ಹುಳು ನೇಯುವುದಿಲ್ಲ

ಮೊದಲು 'ನೇಯದ ಬಟ್ಟೆ' ಎಂದರೇನು ಎಂದು ನೋಡೋಣ. ಇಂಗ್ಲಿಷಿನಲ್ಲಿ ಇದಕ್ಕೆ ನಾನ್ ವೋವನ್ ಎನ್ನುತ್ತಾರೆ. ಕೊರೊನಾ ಕಾಲದಲ್ಲಿ ಎಲ್ಲರೂ ಹಾಕಿಕೊಂಡ ನೀಲಿ ಮಾಸ್ಕ್ ನೆನಪಿದೆಯಲ್ಲ, ಅದು ನಾನ್ ವೋವನ್. ಪ್ಲಾಸ್ಟಿಕ್ ಕವರ್ ಬದಲಿಗೆ ಅಂಗಡಿಯವರು ಕೊಡುವ, ಬಟ್ಟೆಯಂತೆ ಕಾಣುವ ಕೈಚೀಲವೂ ಅದೇ. ಆ ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ಹಾಸು ಇಲ್ಲ, ಹೊಕ್ಕು ಇಲ್ಲ. ಎಳೆಗಳು ಅಡ್ಡಾದಿಡ್ಡಿ ಬಿದ್ದು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮಗ್ಗ ಇಲ್ಲದೆ ಎಳೆಗಳನ್ನು ಹಾಸಿ, ಒತ್ತಿ, ಅಂಟಿಸಿ ಅಥವಾ ಸೂಜಿಯಿಂದ ಚುಚ್ಚಿ ಹೆಣೆದ ಹಾಳೆಯೇ ನೇಯದ ಬಟ್ಟೆ.

ಈಗ ರೇಷ್ಮೆ ಗೂಡನ್ನು ಕೈಗೆ ತೆಗೆದುಕೊಳ್ಳಿ. ಹಣ್ಣಾದ ಹುಳು ಚಂದ್ರಿಕೆ ಏರಿ, ತಲೆಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸುತ್ತಾ ಎರಡು ಮೂರು ದಿನ ಎಳೆ ಬಿಡುತ್ತದೆ. ಎಳೆ ಒಂದರ ಮೇಲೊಂದು ಪದರವಾಗಿ ಬೀಳುತ್ತದೆ. ಪದರಗಳನ್ನು ಹಿಡಿದಿಡುವುದು ಎಳೆಯ ಮೇಲಿರುವ ಗೋಂದು. ಇಲ್ಲೂ ಹಾಸು ಹೊಕ್ಕು ಇಲ್ಲ. ರೇಷ್ಮೆ ಗೂಡು ಹುಟ್ಟಿನಿಂದಲೇ ಒಂದು ನೇಯದ ಬಟ್ಟೆ.

ನಾವು ಮಾಡುವ ಕೆಲಸ ಏನು? ಹುಳು ಕಟ್ಟಿದ ಬಟ್ಟೆಯನ್ನು ಬಿಸಿನೀರಿನಲ್ಲಿ ಬಿಚ್ಚುತ್ತೇವೆ. ನೂಲು ಮಾಡುತ್ತೇವೆ. ಹುರಿ ಹಾಕುತ್ತೇವೆ. ಮತ್ತೆ ಮಗ್ಗಕ್ಕೆ ಹಾಕಿ ಬಟ್ಟೆ ಮಾಡುತ್ತೇವೆ. ರೇಷ್ಮೆಯ ಹೊಳಪು, ಸೀರೆಯ ಜೋಲು ಬರುವುದು ಈ ದಾರಿಯಲ್ಲಿಯೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಬಿಚ್ಚಲು ಬಾರದ ಗೂಡು ಈ ದಾರಿಯಲ್ಲಿ ಕೆಲಸಕ್ಕೆ ಬಾರದ್ದಾಗುತ್ತದೆ.

ಹುಳುವಿಗೆ ಮೂಲೆ ಸಿಗದಿದ್ದರೆ ಏನಾಗುತ್ತದೆ ಎಂಬುದೂ ಗಮನಿಸಬೇಕಾದ ವಿಷಯ. ಮೂಲೆ ಇಲ್ಲದ ಚಪ್ಪಟೆ ಜಾಗದಲ್ಲಿ ಬಿಟ್ಟರೆ ಹಣ್ಣು ಹುಳು ದುಂಡನೆಯ ಗೂಡು ಕಟ್ಟಲಾಗದೆ ಚಪ್ಪಟೆ ಹಾಳೆಯನ್ನೇ ಕಟ್ಟುತ್ತದೆ. 2013ರಲ್ಲಿ ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯಲ್ಲಿ ನೆರಿ ಆಕ್ಸ್‌ಮನ್ ಮತ್ತು ಅವರ ತಂಡ ಒಂದು ಗುಮ್ಮಟದ ಚೌಕಟ್ಟಿನ ಮೇಲೆ 6,500 ಹುಳು ಬಿಟ್ಟು, ಇಡೀ ಗುಮ್ಮಟಕ್ಕೆ ರೇಷ್ಮೆಯ ಹೊದಿಕೆ ಹಾಕಿಸಿತು. ನೇಕಾರರಿಲ್ಲ, ಮಗ್ಗ ಇಲ್ಲ. ಹುಳುಗಳೇ ಹಾಳೆ ಮಾಡಿದವು.

ಸಿಕ್ಕಿನಿಂದ ಕಾಗದದವರೆಗೆ

ಬಿಚ್ಚಲಾಗದ ಗೂಡನ್ನು ಬಿಸಾಡದೆ ಬಳಸುವ ವಿದ್ಯೆ ಹಳೆಯದು. ಚೀನಾದಲ್ಲಿ ಚಿಟ್ಟೆ ಹೊರಬಂದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ಇಂಥವನ್ನು ಬೇಯಿಸಿ, ನೀರಿನಲ್ಲಿ ಹಿಂಜಿ, ಹತ್ತಿಯಂತೆ ಮಾಡಿ ಚಳಿಗಾಲದ ಅಂಗಿಯ ಒಳಗೆ, ಹಾಸಿಗೆ ಹೊದಿಕೆಯ ಒಳಗೆ ತುಂಬುತ್ತಿದ್ದರು. ಜಪಾನಿನಲ್ಲಿ ಇದಕ್ಕೆ ಮವಾತ ಎಂಬ ಹೆಸರು. ಬೇಯಿಸಿದ ಗೂಡನ್ನು ಬಿಡಿಸಿ, ಚೌಕಟ್ಟಿನ ಮೇಲೆ ಎಳೆದು ಹರಡಿ, ಒಂದರ ಮೇಲೊಂದು ಇಟ್ಟು ತೆಳು ಹಾಳೆ ಮಾಡುತ್ತಾರೆ. ಇದು ಮನುಷ್ಯ ಕೈಯಾರೆ ಮಾಡಿದ ನೇಯದ ರೇಷ್ಮೆ ಬಟ್ಟೆ.

ಇದರಿಂದ ಇನ್ನೊಂದು ದೊಡ್ಡ ಸಂಗತಿ ಹುಟ್ಟಿರಬಹುದು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಚೀನೀ ಲಿಪಿಯಲ್ಲಿ 'ಕಾಗದ' ಎಂಬ ಅಕ್ಷರದ ಒಂದು ಭಾಗ ರೇಷ್ಮೆ ಎಳೆಯ ಗುರುತು. ಸುಮಾರು ಕ್ರಿ.ಶ. 100ರಲ್ಲಿ ಸಿದ್ಧವಾದ ಅಲ್ಲಿನ ಒಂದು ನಿಘಂಟು ಕಾಗದಕ್ಕೆ ಅರ್ಥ ಕೊಡುವಾಗ ಚಾಪೆಯ ಮೇಲೆ ಉಳಿದ ಎಳೆಗಳ ಪದರವನ್ನು ಹೇಳುತ್ತದೆ. ರೇಷ್ಮೆ ಸಿಕ್ಕನ್ನು ನೀರಿನಲ್ಲಿ ಬಡಿದು ತೊಳೆಯುವಾಗ ಕೆಳಗಿನ ಚಾಪೆಯ ಮೇಲೆ ತೆಳು ಪೊರೆ ಉಳಿಯುತ್ತದೆ. ಒಣಗಿದ ಮೇಲೆ ಅದನ್ನು ಎಬ್ಬಿಸಿದರೆ ಹಾಳೆ. ತೊಗಟೆ, ಚಿಂದಿ, ಹಳೆ ಬಲೆ ಬಳಸಿ ಕಾಗದ ಮಾಡಿದ ಕೀರ್ತಿ ಕ್ರಿ.ಶ. 105ರ ಸುಮಾರಿನ ಕಾಯ್ ಲುನ್ ಎಂಬ ಅಧಿಕಾರಿಗೆ ಸಂದಿದೆ. ಅವನಿಗಿಂತ ಮುಂಚೆಯೇ, ನೀರು ತುಂಬಿದ ಬುಟ್ಟಿಯ ಮುಂದೆ ಕೂತು ರೇಷ್ಮೆ ವೇಸ್ಟ್ ತೊಳೆಯುತ್ತಿದ್ದ ಹೆಂಗಸರ ಕಣ್ಣಿಗೆ ಆ ಪೊರೆ ಬಿದ್ದಿರಬೇಕು.

ಹೊಲಿಗೆ ದಾರ, ಗಾಯದ ಪಟ್ಟಿ

ರೇಷ್ಮೆಗೂ ಗಾಯಕ್ಕೂ ನಂಟು ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿ ಗಾಯಕ್ಕೆ ಕಟ್ಟುವ ಬಟ್ಟೆಗಳ ಪಟ್ಟಿ ಇದೆ. ಹತ್ತಿ, ಉಣ್ಣೆ, ಚರ್ಮದ ಜೊತೆಗೆ ಕೌಶೇಯ, ಚೀನಪಟ್ಟ ಎಂಬ ರೇಷ್ಮೆಯ ಹೆಸರುಗಳೂ ಅಲ್ಲಿವೆ. ಕ್ರಿ.ಶ. ಎರಡನೇ ಶತಮಾನದ ವೈದ್ಯ ಗ್ಯಾಲೆನ್ ರಕ್ತನಾಳ ಕಟ್ಟಲು ರೇಷ್ಮೆ ದಾರ ಬಳಸಬಹುದು ಎಂದು ಬರೆದ. ರೋಮ್ ಸಾಮ್ರಾಜ್ಯದ ದೊಡ್ಡ ಊರುಗಳಲ್ಲಿ ಶ್ರೀಮಂತ ಹೆಂಗಸರ ಹತ್ತಿರ ರೇಷ್ಮೆ ಸಿಗುತ್ತದೆ ಎಂಬ ಸಲಹೆಯನ್ನೂ ಕೊಟ್ಟ.

ಆಧುನಿಕ ಶಸ್ತ್ರಚಿಕಿತ್ಸೆಯಲ್ಲಿ ರೇಷ್ಮೆಗೆ ಗೌರವದ ಜಾಗ ಸಿಕ್ಕಿದ್ದು 19ನೇ ಶತಮಾನದ ಕೊನೆಗೆ. ಆಗ ಹೆಚ್ಚಿನ ವೈದ್ಯರು ಕುರಿ ಕರುಳಿನಿಂದ ಮಾಡಿದ ದಾರ ಬಳಸುತ್ತಿದ್ದರು. ಅದನ್ನು ಪೂರ್ತಿ ಕ್ರಿಮಿಮುಕ್ತ ಮಾಡುವುದು ಕಷ್ಟವಿತ್ತು. ಸ್ವಿಟ್ಜರ್ಲೆಂಡಿನ ಥಿಯೋಡರ್ ಕೋಖರ್ 1880ರ ದಶಕದಲ್ಲಿ ರೇಷ್ಮೆ ದಾರದ ಪರ ನಿಂತರು. ಇವರಿಗೆ 1909ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಸಣ್ಣ ರೇಷ್ಮೆ ದಾರದಿಂದ ನಾಜೂಕಾಗಿ ಹೊಲಿಯುವ ಪದ್ಧತಿಯನ್ನು ಬೆಳೆಸಿದರು. ಇವತ್ತಿಗೂ ಆಸ್ಪತ್ರೆಗಳಲ್ಲಿ ಕಪ್ಪು ರೇಷ್ಮೆ ಹೊಲಿಗೆ ದಾರ ಬಳಕೆಯಲ್ಲಿದೆ.

ಆದರೆ ರೇಷ್ಮೆಗೆ ಕೆಟ್ಟ ಹೆಸರೂ ಬಂತು. ಕೆಲವು ರೋಗಿಗಳಿಗೆ ರೇಷ್ಮೆ ಹೊಲಿಗೆಯಿಂದ ಅಲರ್ಜಿಯಾಯಿತು. ಹೆಣೆದ ದಾರದ ಎಳೆಗಳ ನಡುವೆ ದ್ರವ ಹೀರಿಕೊಂಡು, ಅದರ ಜೊತೆ ಕ್ರಿಮಿಗಳೂ ಒಳಗೆ ಹೋಗುವ ತೊಂದರೆ ಇತ್ತು. ನೈಲಾನ್ ಮತ್ತು ತಾನೇ ಕರಗುವ ಕೃತಕ ದಾರಗಳು ಬಂದ ಮೇಲೆ ರೇಷ್ಮೆ ಹಿಂದಕ್ಕೆ ಸರಿಯಿತು.

ಅಲರ್ಜಿಯ ಕಾರಣ ಹುಡುಕಿದಾಗ ಒಂದು ಮುಖ್ಯ ವಿಷಯ ತಿಳಿಯಿತು. ರೇಷ್ಮೆ ಎಳೆಯಲ್ಲಿ ಎರಡು ಪ್ರೊಟೀನ್‌ಗಳಿವೆ. ಒಳಗಿನ ಗಟ್ಟಿ ತಿರುಳು ಫೈಬ್ರೋಯಿನ್. ಇದು ತೂಕದಲ್ಲಿ ಸುಮಾರು ನೂರಕ್ಕೆ 70ರಿಂದ 80 ಭಾಗ. ಮೇಲಿನ ಗೋಂದು ಸೆರಿಸಿನ್. ಇದು 20ರಿಂದ 30 ಭಾಗ. ತೊಂದರೆಗಳನ್ನು ಬಹುತೇಕ ಸೆರಿಸಿನ್ ಜೊತೆ ಸೇರಿಸಿ ನೋಡಲಾಯಿತು. ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ವರ್ಷಗಟ್ಟಲೆ ಆವಿಯ ನಡುವೆ ಕೆಲಸ ಮಾಡುವ ಕೆಲವರಿಗೆ ಉಸಿರಾಟದ ತೊಂದರೆ ಬರುವುದನ್ನು ನಮ್ಮ ರಾಜ್ಯದಲ್ಲೂ ವೈದ್ಯರು ಗುರುತಿಸಿದ್ದಾರೆ. ಇದೊಂದು ಬೇರೆಯೇ ಬರೆಯಬೇಕಾದ ವಿಷಯ. ಇಲ್ಲಿ ಹೇಳಬೇಕಾದ್ದು ಇಷ್ಟು: ಗೋಂದನ್ನು ಚೆನ್ನಾಗಿ ತೊಳೆದರೆ ಉಳಿಯುವ ಫೈಬ್ರೋಯಿನ್ ದೇಹಕ್ಕೆ ಬಹುಮಟ್ಟಿಗೆ ಒಗ್ಗುತ್ತದೆ ಎಂಬ ತಿಳಿವಳಿಕೆ ಬಂತು. ರೇಷ್ಮೆ ಮತ್ತೆ ಪ್ರಯೋಗಾಲಯದ ಬಾಗಿಲು ತಟ್ಟಿತು.

ಅರ್ಧ ಪೆನ್ನಿಯ ಕಸ

ಪ್ರಯೋಗಾಲಯಕ್ಕೆ ಹೋಗುವ ಮುನ್ನ ವೇಸ್ಟ್‌ನಿಂದ ಯಾರಿಗೆ ಲಾಭವಾಯಿತು ಎಂಬ ಒಂದು ಹಳೆ ಕತೆ ನೋಡಬೇಕು.

1850ರ ದಶಕದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ಗಿರಣಿ ಮಾಲೀಕ ಸ್ಯಾಮ್ಯುಯೆಲ್ ಕನ್ಲಿಫ್ ಲಿಸ್ಟರ್ ಲಂಡನ್ನಿನ ಒಂದು ಗೋದಾಮಿಗೆ ಹೋದ. ಮೂಲೆಯಲ್ಲಿ ಕಸದ ರಾಶಿಯಂಥದ್ದು ಬಿದ್ದಿತ್ತು. ಏನೆಂದು ಕೇಳಿದಾಗ ಅದು ಭಾರತದಿಂದ ಬಂದ ರೇಷ್ಮೆ ವೇಸ್ಟ್ ಎಂದು ತಿಳಿಯಿತು. ಅಲ್ಲಿನ ವ್ಯಾಪಾರದಲ್ಲಿ ಅದಕ್ಕೆ 'ಚಾಸಮ್' ಎಂದು ಹೆಸರು. ಒಡೆದ ಗೂಡು, ಕಡ್ಡಿ, ಎಲೆ, ಸತ್ತ ಹುಳು ಎಲ್ಲ ಬೆರೆತ ಅಂಟು ಅಂಟು ಮುದ್ದೆ. ಯಾರಿಗೂ ಬೇಡವಾಗಿತ್ತು. ಒಂದು ಪೌಂಡ್ ತೂಕಕ್ಕೆ ಅರ್ಧ ಪೆನ್ನಿಯಂತೆ ಲಿಸ್ಟರ್ ಅದನ್ನು ಕೊಂಡ.

ಅದನ್ನು ತೊಳೆದು, ಬಾಚಿ, ನೂಲು ಮಾಡುವ ಯಂತ್ರಕ್ಕಾಗಿ ಅವನು ವರ್ಷಗಟ್ಟಲೆ ಹಣ ಸುರಿದ. ದಿವಾಳಿಯ ಅಂಚಿಗೆ ಬಂದ. ಕೊನೆಗೆ ಯಂತ್ರ ಕೈಗೂಡಿತು. ಆ ಕಸದಿಂದ ನೂಲು, ವೆಲ್ವೆಟ್, ಮೆತ್ತನೆಯ ಬಟ್ಟೆಗಳು ಹೊರಬಂದವು. 1870ರ ದಶಕದಲ್ಲಿ ಅವನು ಕಟ್ಟಿದ ಮ್ಯಾನಿಂಗ್‌ಹ್ಯಾಮ್ ಗಿರಣಿಯ ಚಿಮಣಿ 249 ಅಡಿ ಎತ್ತರ. ಅದು ಇಂದಿಗೂ ಆ ಊರಿನಲ್ಲಿ ನಿಂತಿದೆ.

ಕತೆ ಅಲ್ಲಿಗೆ ಮುಗಿಯುವುದಿಲ್ಲ. 1890ರ ಡಿಸೆಂಬರಿನಲ್ಲಿ ಆ ಗಿರಣಿಯ ಮಾಲೀಕರು ಕೂಲಿ ಕಡಿತ ಮಾಡಿದರು. ಸಾವಿರಾರು ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಹೆಂಗಸರು, ಮುಷ್ಕರ ಹೂಡಿದರು. 1891ರ ಏಪ್ರಿಲ್ ತನಕ ನಡೆದ ಮುಷ್ಕರ ಸೋತಿತು. ಆದರೆ ಆ ಸಿಟ್ಟಿನಿಂದ ಬ್ರಾಡ್‌ಫರ್ಡ್‌ನಲ್ಲಿ ಕಾರ್ಮಿಕರ ರಾಜಕೀಯ ಬೆಳೆಯಿತು. 1893ರಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಹುಟ್ಟಿದ್ದು ಅದೇ ಊರಿನಲ್ಲಿ.

ಭಾರತದಲ್ಲಿ ಆ ಹುಳು ಸಾಕಿದವರ ಹೆಸರು ಈ ಕತೆಯಲ್ಲಿ ಎಲ್ಲೂ ಬರುವುದಿಲ್ಲ. ಅವರ ಕಡೆಯಿಂದ ನೋಡಿದರೆ ಅದು ಅರ್ಧ ಪೆನ್ನಿಯ ಕಸ. ಅದರ ಬೆಲೆ ಗೊತ್ತಿದ್ದವನು ಅದನ್ನು ಬಾಚುವ ಯಂತ್ರ ಇದ್ದವನು ಮಾತ್ರ.

ಹುಳು ಹೋದರೂ ವಿದ್ಯೆ ಉಳಿಸಿಕೊಂಡ ಇಟಲಿ

ನೇಯದ ರೇಷ್ಮೆ ಬಟ್ಟೆ ದೇಹಕ್ಕೆ ಒಗ್ಗುತ್ತದೆಯೇ ಎಂಬ ಪ್ರಶ್ನೆಯನ್ನು ಮೊದಮೊದಲು ಗಟ್ಟಿಯಾಗಿ ಹಿಡಿದು ನೋಡಿದವರಲ್ಲಿ ಇಟಲಿಯವರು ಮುಖ್ಯರು. ಯಾಕೆ ಇಟಲಿ? ಇದಕ್ಕೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

19ನೇ ಶತಮಾನದ ಮಧ್ಯದಲ್ಲಿ ಉತ್ತರ ಇಟಲಿಯ ಹಳ್ಳಿಗಳು ನಮ್ಮ ಇವತ್ತಿನ ರಾಮನಗರ, ಚಿಕ್ಕಬಳ್ಳಾಪುರದ ಹಳ್ಳಿಗಳಂತೆ ಇದ್ದವು. ಹೊಲದ ಬದುವಿನಲ್ಲಿ ಹಿಪ್ಪುನೇರಳೆ, ಮನೆಯೊಳಗೆ ಹುಳು, ಊರ ಪಕ್ಕ ನೂಲು ಬಿಚ್ಚುವ ಘಟಕ. ಅಲ್ಲೂ ಬಿಸಿನೀರಿಗೆ ಕೈ ಹಾಕಿ ದುಡಿದವರು ಹೆಂಗಸರು ಮತ್ತು ಹುಡುಗಿಯರು. ಆಗ ಯುರೋಪಿಗೆ ಗಂಟುರೋಗ ಬಂತು. ಫ್ರಾನ್ಸ್, ಇಟಲಿಯ ಹುಳುಮನೆಗಳು ಖಾಲಿಯಾದವು. ಇಟಲಿಯ ವ್ಯಾಪಾರಿಗಳು ಆರೋಗ್ಯವಂತ ಮೊಟ್ಟೆ ಹುಡುಕಿಕೊಂಡು ಹಡಗು ಹತ್ತಿ ಜಪಾನಿನ ತನಕ ಹೋದರು.

1865ರಲ್ಲಿ ಫ್ರಾನ್ಸ್ ಸರ್ಕಾರ ಲೂಯಿ ಪಾಶ್ಚರ್ ಅವರನ್ನು ಈ ರೋಗದ ಅಧ್ಯಯನಕ್ಕೆ ಕಳಿಸಿತು. ಹುಳುವನ್ನೇ ನೋಡಿ ಗೊತ್ತಿಲ್ಲದ ಆ ರಸಾಯನ ವಿಜ್ಞಾನಿ ಐದು ವರ್ಷ ಕೆಲಸ ಮಾಡಿ ಒಂದು ಸರಳ ದಾರಿ ಹೇಳಿಕೊಟ್ಟರು. ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ರೋಗಾಣು ಕಂಡರೆ ಅದರ ಮೊಟ್ಟೆ ಸುಟ್ಟುಹಾಕಿ. ನಮ್ಮ ಬಿತ್ತನೆ ಕೇಂದ್ರಗಳಲ್ಲಿ 'ರೋಗರಹಿತ ಮೊಟ್ಟೆ' ತಯಾರಿಸಲು ಈಗಲೂ ಮಾಡುವ ತಾಯಿ ಚಿಟ್ಟೆ ಪರೀಕ್ಷೆ ಇದೇ.

ಮೈಸೂರಿಗೂ ಇಟಲಿಗೂ ಸಂಬಂಧ ಬೆಳೆದದ್ದು ಈ ಕಾಲದಲ್ಲಿಯೇ. ಇಲ್ಲಿ 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ರೇಷ್ಮೆಗೆ ಬುನಾದಿ ಹಾಕಿದ್ದ. ನೂರು ವರ್ಷದಲ್ಲಿ ಅದೂ ಸೊರಗಿತ್ತು. 1860ರ ದಶಕದಲ್ಲಿ ಡಿ ವೆಕ್ಕಿ ಎಂಬ ಇಟಲಿಯವರು ಜಪಾನಿನ ಮೊಟ್ಟೆ ತರಿಸಿ ಬೆಂಗಳೂರಿನ ಸುತ್ತ ಹೊಸ ಪ್ರಯತ್ನ ಮಾಡಿದರು. ಅದಾದ ಮೇಲೆ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ತಜ್ಞರನ್ನು ಕರೆಸಿ ರೇಷ್ಮೆ ತೋಟ ನಡೆಸಿದರು. 1910ರ ದಶಕದಲ್ಲಿ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರನ್ನು ನೇಮಿಸಿಕೊಂಡಿತು. ಅಂದರೆ ನಾವು ಕಲಿತ ಹುಳು ವಿದ್ಯೆಯಲ್ಲಿ ಇಟಲಿಯ ಪಾಲು ಇದೆ.

ಇಟಲಿಯಲ್ಲಿ ಮುಂದೆ ಏನಾಯಿತು? 1871ರಲ್ಲಿ ಪಡೋವಾದಲ್ಲಿ ರೇಷ್ಮೆ ಹುಳುವಿಗೇ ಮೀಸಲಾದ ಸಂಶೋಧನಾ ಕೇಂದ್ರ ತೆರೆಯಿತು. ಮುಂದೆ ಮಿಲಾನ್ ನಗರದಲ್ಲಿ ರೇಷ್ಮೆ ನೂಲು, ಬಟ್ಟೆಯ ಪರೀಕ್ಷೆಗೆ ಒಂದು ಕೇಂದ್ರ ಬಂತು. ಆದರೆ 20ನೇ ಶತಮಾನದಲ್ಲಿ ಹಳ್ಳಿಯ ರೇಷ್ಮೆ ಕುಸಿಯಿತು. ಕೃತಕ ನೂಲು ಬಂತು, ಜಪಾನಿನ ಅಗ್ಗದ ರೇಷ್ಮೆ ಬಂತು, ಹಳ್ಳಿಯ ಹೆಣ್ಣುಮಕ್ಕಳಿಗೆ ಕಾರ್ಖಾನೆಯಲ್ಲಿ ಬೇರೆ ಕೆಲಸ ಸಿಕ್ಕಿತು. ಎರಡನೇ ಮಹಾಯುದ್ಧದ ನಂತರ ಹುಳು ಸಾಕಣೆ ಹೆಚ್ಚುಕಡಿಮೆ ನಿಂತೇ ಹೋಯಿತು. ಕೊಮೊ ಎಂಬ ಊರಿನಲ್ಲಿ ಬಟ್ಟೆಗೆ ಬಣ್ಣ, ಅಚ್ಚು ಹಾಕುವ ಉದ್ಯಮ ಮಾತ್ರ ಹೊರಗಿನಿಂದ ತಂದ ರೇಷ್ಮೆಯ ಮೇಲೆ ಉಳಿಯಿತು.

ಹುಳು ಹೋಯಿತು, ಪ್ರಯೋಗಾಲಯ ಉಳಿಯಿತು. ಅದರ ಫಲ ಈ ಶತಮಾನದಲ್ಲಿ ಕಂಡಿತು. ಮಿಲಾನ್ ರೇಷ್ಮೆ ಕೇಂದ್ರದ ಜೂಲಿಯಾನೊ ಫ್ರೆಡ್ಡಿ ಮತ್ತು ವೆರೋನಾ ವಿಶ್ವವಿದ್ಯಾಲಯದ ಉಬಾಲ್ಡೊ ಅರ್ಮಾಟೊ ಅವರ ತಂಡ ಗೋಂದು ತೆಗೆದ ರೇಷ್ಮೆಯ ನೇಯದ ಬಟ್ಟೆಯನ್ನು ಇಲಿಗಳ ಚರ್ಮದ ಕೆಳಗೆ ಇಟ್ಟು ನೋಡಿತು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. 180 ದಿನಗಳ ನಂತರ ನೋಡಿದಾಗ ರೇಷ್ಮೆ ಎಳೆಗಳ ನಡುವಿನ ಸಂದುಗಳಲ್ಲಿ ಹೊಸ ಅಂಗಾಂಶ ತುಂಬಿತ್ತು. ಅದರೊಳಗೆ ರಕ್ತನಾಳಗಳೂ ಇದ್ದವು. ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದರ ಸುತ್ತ ಗಟ್ಟಿ ಪೊರೆ ಕಟ್ಟಿ ಬೇರೆ ಮಾಡುವುದು ಸಾಮಾನ್ಯ. ಇಲ್ಲಿ ಅಂಥ ಪೊರೆ ಕಾಣಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ, 2004ರಲ್ಲಿ, ಜರ್ಮನಿಯ ಮೈಂಜ್ ನಗರದ ಸಂಶೋಧಕರು ಇಟಲಿಯವರ ಜೊತೆ ಸೇರಿ ಇನ್ನೊಂದು ಪ್ರಯೋಗ ವರದಿ ಮಾಡಿದ್ದರು. ಚರ್ಮ, ಮೂಳೆ, ರಕ್ತನಾಳದ ಒಳಪದರ ಹೀಗೆ ಮನುಷ್ಯ ದೇಹದ ಹಲವು ಬಗೆಯ ಜೀವಕೋಶಗಳು ನೇಯದ ರೇಷ್ಮೆ ಜಾಲದ ಮೇಲೆ ಅಂಟಿಕೊಂಡು ಬೆಳೆದಿದ್ದವು.

ದೇಹಕ್ಕೆ ಇದು ಯಾಕೆ ಒಗ್ಗುತ್ತದೆ

ನಮ್ಮ ಚರ್ಮದ ಕೆಳಗೆ ಕೊಲಾಜನ್ ಎಂಬ ಪ್ರೊಟೀನ್ ಎಳೆಗಳ ಜಾಲ ಇದೆ. ಅದೂ ಅಡ್ಡಾದಿಡ್ಡಿ ಜಾಲವೇ. ಜೀವಕೋಶಗಳು ಆ ಎಳೆಗಳನ್ನು ಹಿಡಿದುಕೊಂಡು ಬದುಕುತ್ತವೆ. ದೊಡ್ಡ ಗಾಯವಾದಾಗ ಆ ಜಾಲವೇ ಹರಿದುಹೋಗುತ್ತದೆ. ಹೊಸ ಜೀವಕೋಶಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಆ ಜಾಗದಲ್ಲಿ ಒಂದು ಚಪ್ಪರ ಹಾಕಿಕೊಟ್ಟರೆ ಅವರೆಕಾಯಿ ಬಳ್ಳಿ ಹಬ್ಬಿದಂತೆ ಜೀವಕೋಶ ಹಬ್ಬುತ್ತದೆ. ನೇಯದ ರೇಷ್ಮೆ ಮಾಡಬೇಕಾದ ಕೆಲಸ ಆ ಚಪ್ಪರದ್ದು.

ಚಪ್ಪರಕ್ಕೆ ನಾಲ್ಕು ಗುಣ ಬೇಕು. ಸಂದು ಇರಬೇಕು, ಜೀವಕೋಶವೂ ರಕ್ತನಾಳವೂ ನುಗ್ಗಲು. ಒದ್ದೆಯಾದರೂ ಗಟ್ಟಿ ಇರಬೇಕು. ವೈದ್ಯರು ಬೇಕಾದ ಆಕಾರಕ್ಕೆ ಕತ್ತರಿಸಿದಾಗ ನೇಯ್ದ ಬಟ್ಟೆಯಂತೆ ಅಂಚಿನ ದಾರ ಬಿಚ್ಚಿಕೊಳ್ಳಬಾರದು. ಕೆಲಸ ಮುಗಿದ ಮೇಲೆ ನಿಧಾನವಾಗಿ ಕರಗಬೇಕು. ಫೈಬ್ರೋಯಿನ್ ಪ್ರೊಟೀನ್ ಆದ್ದರಿಂದ ದೇಹದ ಕಿಣ್ವಗಳು ಅದನ್ನು ತಿಂಗಳುಗಳು, ಕೆಲವು ಸಲ ವರ್ಷಗಳ ಅವಧಿಯಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತವೆ.

ಮಾಡುವ ವಿಧಾನಗಳು ಹಲವು. ಒಂದರಲ್ಲಿ ಗೋಂದು ತೆಗೆದ ಎಳೆಯನ್ನು ಸಣ್ಣಗೆ ಕತ್ತರಿಸಿ, ಹತ್ತಿಯಂತೆ ಹಿಂಜಿ, ಹಾಸಿ, ಸೂಜಿಯಿಂದ ಚುಚ್ಚಿ ಅಥವಾ ಜೋರಾದ ನೀರಿನ ಎಳೆಯಿಂದ ಹೊಡೆದು ಹೆಣೆಯುತ್ತಾರೆ. ಇನ್ನೊಂದರಲ್ಲಿ ಫಾರ್ಮಿಕ್ ಆಮ್ಲದಂಥ ದ್ರಾವಣದಿಂದ ಎಳೆಯ ಮೇಲ್ಮೈಯನ್ನು ತುಸು ಮೆದು ಮಾಡಿ, ಎಳೆಗಳು ತಾವೇ ಅಂಟಿಕೊಳ್ಳುವಂತೆ ಮಾಡುತ್ತಾರೆ. ಮೂರನೆಯದು ಎಲೆಕ್ಟ್ರೋಸ್ಪಿನ್ನಿಂಗ್. ಫೈಬ್ರೋಯಿನ್ ಅನ್ನು ಪೂರ್ತಿ ಕರಗಿಸಿ, ಸೂಜಿಯ ತುದಿಯಿಂದ ಬಿಡುತ್ತಾ ಸಾವಿರಾರು ವೋಲ್ಟ್ ವಿದ್ಯುತ್ ಕೊಟ್ಟರೆ, ದ್ರವ ಗಾಳಿಯಲ್ಲೇ ಎಳೆಯಾಗಿ ಒಣಗಿ ತಟ್ಟೆಯ ಮೇಲೆ ಹಾಳೆಯಾಗಿ ಬೀಳುತ್ತದೆ. ಆ ಎಳೆ ಹುಳು ಬಿಡುವ ಎಳೆಗಿಂತ ಎಷ್ಟೋ ಪಟ್ಟು ಸಣ್ಣ. 2002ರಲ್ಲಿ ಅಮೆರಿಕದ ಡೇವಿಡ್ ಕಪ್ಲಾನ್ ಮತ್ತು ಸಂಗಡಿಗರು ಈ ದಾರಿಯಲ್ಲಿ ರೇಷ್ಮೆ ಹಾಳೆ ಮಾಡಿದ್ದನ್ನು ಪ್ರಕಟಿಸಿದರು. 2004ರಲ್ಲಿ ಕೊರಿಯಾದ ತಂಡವೊಂದು ಅಂಥ ಹಾಳೆಯ ಮೇಲೆ ಮನುಷ್ಯ ಚರ್ಮದ ಕೋಶಗಳು ಚೆನ್ನಾಗಿ ಹರಡುವುದನ್ನು ತೋರಿಸಿತು.

ಮೂರೂ ವಿಧಾನಗಳಲ್ಲಿ ಎಳೆ ತುಂಡಾಗಿದ್ದರೆ ಚಿಂತೆಯಿಲ್ಲ. ಮೂರನೆಯದರಲ್ಲಂತೂ ಎಳೆಯನ್ನೇ ಕರಗಿಸುತ್ತಾರೆ.

ಎಚ್ಚರಿಕೆಯ ಎರಡು ಮಾತು

ಇಷ್ಟು ಓದಿ ಯಾರೂ ಮನೆಯ ಗೂಡನ್ನು ಗಾಯದ ಮೇಲೆ ಇಟ್ಟುಕೊಳ್ಳಬೇಡಿ. ಗೂಡಿನ ಮೇಲೆ ಗೋಂದು ಇದೆ, ಹುಳುಮನೆಗೆ ಹೊಡೆದ ಸೋಂಕುನಾಶಕದ ಧೂಳು ಇರಬಹುದು, ಸತ್ತ ಕೋಶದ ರಸ ಇರಬಹುದು. ಆಸ್ಪತ್ರೆಗೆ ಹೋಗುವ ರೇಷ್ಮೆ ಹಲವು ಸಲ ತೊಳೆದು, ಪರೀಕ್ಷಿಸಿ, ಕ್ರಿಮಿಮುಕ್ತ ಮಾಡಿದ್ದು.

ರೇಷ್ಮೆ ಎಂದ ಕೂಡಲೇ ಔಷಧ ಎಂದು ನಂಬುವುದೂ ಬೇಡ. ಎಕ್ಸಿಮಾ ಎಂಬ ಚರ್ಮದ ಕಜ್ಜಿ ಇರುವ ಮಕ್ಕಳಿಗೆ ಗೋಂದು ತೆಗೆದ ರೇಷ್ಮೆ ಉಡುಪು ಒಳ್ಳೆಯದು ಎಂದು ಬ್ರಿಟನ್ನಿನಲ್ಲಿ ಮಾರಾಟ ನಡೆಯುತ್ತಿತ್ತು. ಅಲ್ಲಿನ ವೈದ್ಯರು 300 ಮಕ್ಕಳ ಮೇಲೆ ಆರು ತಿಂಗಳು ಪರೀಕ್ಷೆ ಮಾಡಿದರು. ಮಾಮೂಲಿ ಚಿಕಿತ್ಸೆಯ ಜೊತೆ ರೇಷ್ಮೆ ಉಡುಪು ಹಾಕಿದ ಮಕ್ಕಳಿಗೂ ಹಾಕದ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು 2017ರಲ್ಲಿ ವರದಿ ಬಂತು. ಅದು ಹೆಣೆದ ಉಡುಪು, ಗಾಯದ ಪಟ್ಟಿಯಲ್ಲ. ಆದರೆ ಪಾಠ ಒಂದೇ. ಇಲಿಯ ಮೇಲೆ ಗೆದ್ದದ್ದು ಮನುಷ್ಯರ ಮೇಲೂ ಗೆಲ್ಲುತ್ತದೆಯೇ ಎಂದು ಪರೀಕ್ಷಿಸಿಯೇ ಹೇಳಬೇಕು. ನಾಳೆ ಯಾರಾದರೂ ರೇಷ್ಮೆಯ ಹೆಸರಿನಲ್ಲಿ ದುಬಾರಿ ಪಟ್ಟಿಯನ್ನೋ ಕ್ರೀಮನ್ನೋ ತಂದು ಮಾರಿದರೆ, ನಿಮ್ಮ ವೈದ್ಯರನ್ನು ಕೇಳಿದ ಮೇಲೆ ದುಡ್ಡು ಕೊಡಿ.

ನಮ್ಮ ಊರಿನ ಲೆಕ್ಕ

ಈಗ ನಮ್ಮ ಕಡೆಗೆ ಬರೋಣ. ಊಜಿ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ, ಪಶ್ಚಿಮ ಬಂಗಾಳದ ಕಡೆಯಿಂದ ಬಂದ ಗೂಡಿನ ಜೊತೆ. ಅಂದಿನಿಂದ ತೂತು ಗೂಡು ನಮ್ಮ ಬದುಕಿನ ಭಾಗವಾಗಿದೆ. ವೇಸ್ಟ್ ರೇಷ್ಮೆಯಿಂದ ನೂಲು ಮಾಡಲು ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿ ಇತ್ತು. ಅಂದರೆ ಬೇಡದ ಗೂಡಿಗೆ ಬೆಲೆ ತರುವ ಆಲೋಚನೆ ನಮ್ಮ ನೆಲದಲ್ಲೂ ಹಳೆಯದೇ.

ವಿದ್ಯೆಗೂ ಇಲ್ಲಿ ಬರವಿಲ್ಲ. ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಹುಳು ಮತ್ತು ಹಿಪ್ಪುನೇರಳೆ ಸಂಶೋಧನೆಗೆ ಮೈಸೂರಿನಲ್ಲಿ, ನೂಲು ಮತ್ತು ಬಟ್ಟೆಯ ತಂತ್ರಜ್ಞಾನಕ್ಕೆ ಬೆಂಗಳೂರಿನಲ್ಲಿ ಮಂಡಳಿಯದೇ ಸಂಸ್ಥೆಗಳಿವೆ. ಖರಗ್‌ಪುರದ ಐಐಟಿಯಲ್ಲಿ ಸುಭಾಷ್ ಕುಂಡು ಅವರ ತಂಡ ವರ್ಷಗಟ್ಟಲೆ ರೇಷ್ಮೆಯನ್ನು, ಅದರಲ್ಲೂ ನಮ್ಮ ಕಾಡಿನ ಟಸರ್ ರೇಷ್ಮೆಯನ್ನು, ದೇಹಕ್ಕೆ ಬಳಸುವ ಬಗ್ಗೆ ಕೆಲಸ ಮಾಡಿದೆ. ಬೆಂಗಳೂರಿನ ಫೈಬ್ರೋಹೀಲ್ ಎಂಬ ಕಂಪನಿ ರೇಷ್ಮೆ ಪ್ರೊಟೀನ್ ಬಳಸಿದ ಗಾಯದ ಪಟ್ಟಿಗಳನ್ನು ಮಾರುಕಟ್ಟೆಗೆ ತಂದಿದೆ.

ಇಷ್ಟಿದ್ದರೂ ಹಳ್ಳಿಯ ಮಟ್ಟಿಗೆ ಒಂದು ಕೊಂಡಿ ತಪ್ಪಿದೆ. ಆಸ್ಪತ್ರೆಗೆ ಹೋಗುವ ವಸ್ತುವಿಗೆ ಮೂಲದ ಲೆಕ್ಕ ಬೇಕು. ಯಾವ ತಳಿ, ಯಾವ ಬೆಳೆ, ಸೊಪ್ಪಿಗೆ ಏನು ಸಿಂಪಡಿಸಿದ್ದರು, ಹುಳುಮನೆಗೆ ಯಾವ ಸೋಂಕುನಾಶಕ, ಗೂಡು ಒಣಗಿಸಿದ್ದು ಹೇಗೆ, ಇವೆಲ್ಲ ಬರೆದಿಟ್ಟಿರಬೇಕು. ಹತ್ತು ಊರಿನ ವೇಸ್ಟ್ ಒಂದೇ ಮೂಟೆಗೆ ಸುರಿದ ಮೇಲೆ ಆ ಲೆಕ್ಕ ಹಿಂದಕ್ಕೆ ಸಿಗುವುದಿಲ್ಲ. ಆಗ ಅದು ಹೋಗುವ ದಾರಿ ಒಂದೇ, ತೂಕದ ರೇಟಿಗೆ ಮಧ್ಯವರ್ತಿಯ ಗೋದಾಮು.

ಹೀಗಾಗಿ ಗುಂಪಾಗಿ ಹುಳು ಸಾಕುವವರು, ರೈತ ಉತ್ಪಾದಕ ಕಂಪನಿಗಳು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಒಂದು ಸಣ್ಣ ಕೆಲಸ ಶುರು ಮಾಡಬಹುದು. ತೂತು ಗೂಡನ್ನು ಕಲೆ ಹಿಡಿದ ಗೂಡಿನಿಂದ, ಕರಗಿದ ಹುಳುವಿನ ಗೂಡಿನಿಂದ ಬೇರೆ ಇಡಿ. ಬೆಳೆಯ ದಿನಾಂಕ, ತಳಿ, ಸಿಂಪಡಣೆ ಒಂದು ಪುಸ್ತಕದಲ್ಲಿ ಬರೆಯಿರಿ. ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದವರು ಬಂದಾಗ ಇಂಥ ಗೂಡಿಗೆ ಯಾರು ಗಿರಾಕಿ, ಏನು ಗುಣಮಟ್ಟ ಕೇಳುತ್ತಾರೆ ಎಂದು ವಿಚಾರಿಸಿ. ನಾಳೆಯೇ ರೇಟು ಏರುತ್ತದೆ ಎಂದು ನಾವು ಹೇಳುತ್ತಿಲ್ಲ. ವೈದ್ಯಕೀಯ ಬಳಕೆಗೆ ಬೇಕಾಗುವ ರೇಷ್ಮೆಯ ಪ್ರಮಾಣ ಸೀರೆಯ ಮುಂದೆ ತೀರಾ ಚಿಕ್ಕದು. ಆದರೆ ಕೇಳುವವರು ಬಂದಾಗ ಲೆಕ್ಕ ತೋರಿಸಬಲ್ಲವರಿಗೆ ಮಾತ್ರ ಚೌಕಾಸಿಯ ಬಲ ಇರುತ್ತದೆ.

ಇಟಲಿಯ ಹಳ್ಳಿಗಳಲ್ಲಿ ಹುಳು ಹೋಯಿತು, ವಿದ್ಯೆ ನಗರದಲ್ಲಿ ಉಳಿಯಿತು. ನಮ್ಮಲ್ಲಿ ಹುಳು ಇನ್ನೂ ಮನೆಯೊಳಗೇ ಇದೆ, ವಿದ್ಯೆಯೂ ಒಂದು ಬಸ್ ಚಾರ್ಜಿನ ದೂರದಲ್ಲಿದೆ. ಲಂಡನ್ ಗೋದಾಮಿನ ಅರ್ಧ ಪೆನ್ನಿಯ ರಾಶಿಯನ್ನು ನೆನಪಿಟ್ಟುಕೊಂಡು, ಮುಂದಿನ ಬೆಳೆಯ ತೂತು ಗೂಡನ್ನು ಮೂಟೆಗೆ ಹಾಕುವ ಮುನ್ನ ಅದು ಎಲ್ಲಿಗೆ ಹೋಗುತ್ತದೆ ಎಂದು ಕೊಳ್ಳುವವರನ್ನು ಒಮ್ಮೆ ಕೇಳಿ.